ಎಂಟು ಚುಕ್ಕೆಯೊಳಗೊಂದು ‘ಕ’

ಕರಿಘಟ್ಟದ ಮೆಟ್ಟಿಲು ಹತ್ತಿ, ವೆಂಕಟರಮಣಸ್ವಾಮಿಗೆ ಕೈಮುಗಿದು ಹೊರಬಂದವರು ಬಹುಪಾಲು ಒಂದೇ ಕೆಲಸ ಮಾಡುತ್ತಾರೆ. ಮೊಬೈಲ್ ತೆಗೆದು ಶ್ರೀರಂಗಪಟ್ಟಣದ ದಿಕ್ಕಿಗೆ ಹಿಡಿಯುತ್ತಾರೆ. ಬೆಟ್ಟದ ಬುಡದಲ್ಲಿ ಲೋಕಪಾವನಿ, ಆಚೆಗೆ ಕಾವೇರಿ, ಗದ್ದೆ ಮತ್ತು ಕಬ್ಬಿನ ಹಸಿರು, ದೂರದಲ್ಲಿ ಗೋಪುರದ ಗೆರೆ, ಮೇಲೆ ಬಿಸಿಲಿಗೆ ಬೆಳ್ಳಗಾದ ಆಕಾಶ. ಮನೆಗೆ ಬಂದು ನೆಂಟರಿಗೆ ಕಳಿಸುವ ಇಂಥ ಫೋಟೋಗಳ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ.

ಆ ಫೋಟೋ 12 ಮೆಗಾಪಿಕ್ಸೆಲ್‌ನದಾದರೆ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಗೂ ಮೂರು ಅಂಕಿ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು 0ಯಿಂದ 255ರೊಳಗೆ ಹೇಳುವ ಅಂಕಿಗಳು. ಇತ್ತ ‘ಕ’ ಎಂಬ ಅಕ್ಷರವನ್ನು ಕಂಪ್ಯೂಟರು ಯುಟಿಎಫ್-8 ಪದ್ಧತಿಯಲ್ಲಿ 24 ಬಿಟ್‌ಗಳಾಗಿ ಬರೆದಿಟ್ಟುಕೊಳ್ಳುತ್ತದೆ: 11100000 10110010 10010101. ಬೆಸ ಅಂಕಿ ಬಂದರೆ ಒಂದು, ಸಮ ಅಂಕಿ ಬಂದರೆ ಸೊನ್ನೆ ಎಂದು ಕಳಿಸುವವನೂ ಪಡೆಯುವವನೂ ಮೊದಲೇ ಮಾತಾಡಿಕೊಂಡಿದ್ದಾರೆ ಎನ್ನಿ. ಆಕಾಶದ ಮೂಲೆಯ ಚುಕ್ಕೆಯೊಂದು 142, 187, 229 ಎಂದಿದೆ. ಬೇಕಾದದ್ದು 1, 1, 1. ಕೊನೆಯ ಎರಡು ಅಂಕಿ ಆಗಲೇ ಬೆಸವಾಗಿವೆ. 142ನ್ನು 143 ಮಾಡಿದರೆ ಮುಗಿಯಿತು. ಪಕ್ಕದ ಚುಕ್ಕೆ 141, 186, 228. ಬೇಕಾದದ್ದು 0, 0, 0. ಇಲ್ಲಿ 141 ಒಂದು ಇಳಿದು 140 ಆಗುತ್ತದೆ. ಹೀಗೆ ಎಂಟು ಚುಕ್ಕೆ ಮುಗಿಯುವಷ್ಟರಲ್ಲಿ ‘ಕ’ ಒಳಗೆ ಕೂತಿರುತ್ತದೆ. ಆಕಾಶ ಮೊದಲಿದ್ದಂತೆಯೇ ಕಾಣುತ್ತದೆ.

‘ಕರಿಘಟ್ಟ’ ಎಂಬ ಇಡೀ ಹೆಸರಿಗೆ ಗುಡಿಸು, ಹಲಂತ ಚಿಹ್ನೆ ಸೇರಿ ಏಳು ಸಂಕೇತ ಬೇಕು. ಅಂದರೆ 56 ಚುಕ್ಕೆ. ಇಡೀ ಫೋಟೋ ತುಂಬಿಸಿದರೆ 15 ಲಕ್ಷ ಕನ್ನಡ ಸಂಕೇತಗಳು ಹಿಡಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಎಂಟೇ ಬಿಟ್ ಸಾಕಾದ್ದರಿಂದ ಅದೇ ಫೋಟೋದಲ್ಲಿ 45 ಲಕ್ಷ ಅಕ್ಷರ ಕೂರುತ್ತವೆ. ಗುಟ್ಟು ಹೇಳುವುದರಲ್ಲೂ ಕನ್ನಡಕ್ಕೆ ಮೂರು ಪಟ್ಟು ಜಾಗ ಬೇಕು.

ಈ ವಿದ್ಯೆಗೆ ಸ್ಟೆಗನೋಗ್ರಫಿ ಎಂದು ಹೆಸರು. ಗೂಢಲಿಪಿ ಓಲೆಯಲ್ಲಿ ಬರೆದದ್ದು ಅರ್ಥವಾಗದಂತೆ ಮಾಡುತ್ತದೆ. ಇದು ಓಲೆ ಇದೆ ಎಂಬುದನ್ನೇ ತಿಳಿಯಗೊಡುವುದಿಲ್ಲ. ಹಾಗೆ ತಿಳಿಯದಂತೆ ಮಾಡಲು ನಿಜಕ್ಕೂ ಸಾಧ್ಯವೇ ಎಂಬ ಬಗ್ಗೆ ಮೂವತ್ತಕ್ಕೂ ಹೆಚ್ಚು ವರ್ಷದಿಂದ ವಾದ ನಡೆದಿದೆ. ಅಡಗಿಸುವವರ ಪಾಳೆಯ, ಹುಡುಕುವವರ ಪಾಳೆಯ, ಗಣಿತದ ರುಜುವಾತು ಕೇಳುವವರ ಪಾಳೆಯ, ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಏನನ್ನೂ ಅಡಗಿಸದ ಮಾಮೂಲಿ ಫೋಟೋ ಹೇಗಿರುತ್ತದೆ?

ಬೋಳು ತಲೆಯಿಂದ ಬಂಧಕಾವ್ಯದವರೆಗೆ

ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಕತೆ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಹಿಸ್ಟಿಯಾಯಸ್ ಎಂಬವನು ಆಳಿನ ತಲೆ ಬೋಳಿಸಿ, ನೆತ್ತಿಯ ಮೇಲೆ ಹಚ್ಚೆಯಲ್ಲಿ ಸುದ್ದಿ ಬರೆಸಿ, ಕೂದಲು ಬೆಳೆದ ಮೇಲೆ ಕಳಿಸಿದ. ನಮ್ಮಲ್ಲೂ ಇದು ಹೊಸದಲ್ಲ. ಗೂಢಚಾರರು ಹಾಡು, ವಾದ್ಯ, ಪಾತ್ರೆಪಡಗಗಳಲ್ಲಿ ಗುಪ್ತಬರಹ ಸಾಗಿಸುವ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ವಾತ್ಸ್ಯಾಯನ ಎಣಿಸಿದ 64 ಕಲೆಗಳಲ್ಲಿ ಗೂಢಭಾಷೆಯ ಮ್ಲೇಚ್ಛಿತವಿಕಲ್ಪವೂ ಒಂದು.

ಚಿತ್ರದೊಳಗೆ ಮಾತು ಎಂಬ ಕಲ್ಪನೆಗೆ ಇವೆಲ್ಲಕ್ಕಿಂತ ಹತ್ತಿರದ್ದು ಚಿತ್ರಕಾವ್ಯ. ಗೋಮೂತ್ರಿಕೆ, ಸರ್ವತೋಭದ್ರ, ಅರ್ಧಭ್ರಮಗಳನ್ನು ದಂಡಿ ತನ್ನ ಕಾವ್ಯಾದರ್ಶದಲ್ಲಿ ವಿವರಿಸಿದ. ಕವಿಗಳು ಪದ್ಮ, ಚಕ್ರ, ಖಡ್ಗ, ನಾಗದ ಆಕಾರಗಳಲ್ಲಿ ಅಕ್ಷರ ಕೂರಿಸಿ ಬಂಧಗಳನ್ನು ಕಟ್ಟಿದರು. ಅಕ್ಷರಗಳೆಲ್ಲ ಕಣ್ಣ ಮುಂದೆಯೇ ಇರುತ್ತವೆ. ಎಲ್ಲಿಂದ ಹಿಡಿದು ಯಾವ ದಾರಿಯಲ್ಲಿ ಓದಬೇಕೆಂಬುದೇ ಗುಟ್ಟು. ವೇದಾಂತ ದೇಶಿಕರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಇದರ ಬೆರಗಿನ ಉದಾಹರಣೆಯಿದೆ. 32 ಅಕ್ಷರದ ಶ್ಲೋಕವೊಂದನ್ನು ಸಾಲಿಗೆ ಎಂಟರಂತೆ ನಾಲ್ಕು ಸಾಲಿನ ಮನೆಗಳಲ್ಲಿ ತುಂಬಿ, ಚದುರಂಗದ ಕುದುರೆ ನೆಗೆಯುವ ದಾರಿಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಹೊರಡುತ್ತದೆ. ಶ್ರೀರಂಗಕ್ಕೆ ದಾಳಿಯ ಕಷ್ಟ ಬಂದ ಕಾಲದಲ್ಲಿ ದೇಶಿಕರು ಸತ್ಯಾಗಾಲ ಮತ್ತು ಮೇಲುಕೋಟೆಯಲ್ಲಿ ಇದ್ದರೆಂಬುದು ಶ್ರೀವೈಷ್ಣವ ಪರಂಪರೆಯ ಮಾತು. 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಕುದುರೆ ನಡೆಯ ಗೀಳಿತ್ತು. ಚದುರಂಗದ ಮೇಲೆ ಅವರು ಕಟ್ಟಿದ ಬಂಧಗಳು ಆಟದ ಇತಿಹಾಸ ಬರೆದವರಿಗೆಲ್ಲ ಪರಿಚಿತ.

ಹಾಗೆಂದು ಚಿತ್ರಕಾವ್ಯವನ್ನು ನೇರವಾಗಿ ಸ್ಟೆಗನೋಗ್ರಫಿ ಎಂದುಬಿಡುವುದು ಸರಿಯಲ್ಲ. ದೇಶಿಕರು ಯಾರಿಂದಲೂ ಏನನ್ನೂ ಬಚ್ಚಿಡುತ್ತಿರಲಿಲ್ಲ. ಬಂಧವಿದೆ ಎಂದು ಸಾರಿಯೇ ಬರೆದರು. ಆದರೆ ಒಂದೇ ಅಕ್ಷರರಾಶಿ ಎರಡು ಓದಿಗೆ ಒದಗುತ್ತದೆ, ಎರಡನೆಯ ಓದಿಗೆ ದಾರಿಯೇ ಬೀಗದ ಕೈ ಎಂಬ ತಿಳಿವಳಿಕೆ ಇಂದಿನ ವಿದ್ಯೆಯ ತಳಹದಿಯಲ್ಲೂ ಇದೆ. ಚುಕ್ಕೆಗಳನ್ನು ಸಾಲಾಗಿ ಬಳಸದೆ, ಪಾಸ್‌ವರ್ಡ್ ತೋರಿಸಿದ ಕ್ರಮದಲ್ಲಿ ಅಲ್ಲೊಂದು ಇಲ್ಲೊಂದು ಆರಿಸಿಕೊಳ್ಳುವ ಪ್ರೋಗ್ರಾಮುಗಳು ಮಾಡುವುದು ಆ ಕುದುರೆಯ ಕೆಲಸವನ್ನೇ.

ಬಂದೀಖಾನೆಯ ಲೆಕ್ಕ

ಕರಿಘಟ್ಟದಿಂದ ಕೋಟೆಯ ಕಡೆ ನೋಡಿದರೆ ನದಿಯ ಪಕ್ಕದಲ್ಲಿ ಕರ್ನಲ್ ಬೇಯ್ಲಿಯ ಹೆಸರಿನ ಬಂದೀಖಾನೆ ಇರುವ ತಾಣ ಸಿಗುತ್ತದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಇಬ್ಬರು ಕೈದಿಗಳನ್ನು ಇಂಥ ಬೇರೆ ಬೇರೆ ಕೋಣೆಗಳಲ್ಲಿಟ್ಟಿದ್ದಾರೆ ಎಂದುಕೊಳ್ಳಿ. ಓಡಿಹೋಗುವ ಉಪಾಯವನ್ನು ಇಬ್ಬರೂ ಮಾತಾಡಿಕೊಳ್ಳಬೇಕು. ಚೀಟಿ ಸಾಗಿಸಲು ಕಾವಲುಗಾರ ಒಪ್ಪುತ್ತಾನೆ, ಆದರೆ ಪ್ರತಿಯೊಂದನ್ನೂ ಓದುತ್ತಾನೆ. ಅರ್ಥವಾಗದ ಬರಹ ಕಂಡರೆ ಚೀಟಿಯೂ ಇಲ್ಲ, ಇಬ್ಬರಿಗೂ ಕತ್ತಲಕೋಣೆ.

ಇದನ್ನು ಒಂದು ಶಾಸ್ತ್ರದ ಸಮಸ್ಯೆಯಾಗಿ ಮುಂದಿಟ್ಟವನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಗಸ್ಟವಸ್ ಸಿಮ್ಮನ್ಸ್, 1983ರಲ್ಲಿ. ಅಣ್ವಸ್ತ್ರ ಒಪ್ಪಂದದಂತೆ ಎದುರಾಳಿಯ ನೆಲದಲ್ಲಿ ನೆಟ್ಟ ಯಂತ್ರಗಳು ಕಳಿಸುವ ಪ್ರಾಮಾಣಿಕ ವರದಿಯೊಳಗೇ ಬೇರೆ ಸುದ್ದಿ ತೂರಿಸಬಹುದು ಎಂಬ ಆತಂಕದಿಂದ ಈ ಚಿಂತನೆ ಶುರುವಾಯಿತೆಂದು ಅವನೇ ಆಮೇಲೆ ಬರೆದ. ಅಂದಿನಿಂದ ಈ ಕ್ಷೇತ್ರದ ಪ್ರತಿ ಪ್ರಬಂಧದಲ್ಲೂ ಇಬ್ಬರು ಕೈದಿಗಳು, ಒಬ್ಬ ಕಾವಲುಗಾರ ಇದ್ದೇ ಇರುತ್ತಾರೆ.

ಚಿತ್ರಗಳ ಸರದಿ ಬಂದದ್ದು 1992ರಲ್ಲಿ. ಗುಪ್ತ ಕಡತದಲ್ಲಿರುವ ಚಿತ್ರವನ್ನು ಅಧಿಕಾರಿಯೊಬ್ಬ ಪರದೆಯ ಮೇಲೆ ನೋಡಿ ‘ಇದರಲ್ಲಿ ಗುಟ್ಟೇನಿಲ್ಲ, ಹೊರಗೆ ಬಿಡಬಹುದು’ ಎನ್ನುವ ಪದ್ಧತಿ ಅಪಾಯಕಾರಿ ಎಂದು ಕುರಾಕ್ ಮತ್ತು ಮೆಕ್‌ಹ್ಯೂ ಎಂಬ ಸಂಶೋಧಕರು ಎಚ್ಚರಿಸಿದರು. ಒಂದು ಚಿತ್ರದ ಕೆಳಗಿನ ಬಿಟ್‌ಗಳಲ್ಲಿ ಇನ್ನೊಂದು ಇಡೀ ಚಿತ್ರವನ್ನು ಅಡಗಿಸಿ ತೋರಿಸಿದರು. 1996ರಲ್ಲಿ ರಾಸ್ ಆಂಡರ್ಸನ್ ಕೇಂಬ್ರಿಜ್‌ನಲ್ಲಿ ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಭೆ ಸೇರಿಸಿದ. ಹೊತ್ತು ಅಂಥದ್ದಿತ್ತು. ಒಂದು ಕಡೆ ಎನ್‌ಕ್ರಿಪ್ಷನ್ ಮೇಲೆ ಸರ್ಕಾರಗಳು ಹಿಡಿತ ಬಿಗಿಮಾಡಲು ನೋಡುತ್ತಿದ್ದವು. ಇನ್ನೊಂದು ಕಡೆ ಹಾಡು, ಸಿನಿಮಾ ಕಂಪನಿಗಳಿಗೆ ತಮ್ಮ ಮಾಲಿನ ಮೇಲೆ ಅಳಿಸಲಾಗದ ಗುರುತು ಬೇಕಾಗಿತ್ತು.

ಕಣ್ಣಿಗೆ ಕಾಣದಿದ್ದರೆ ಸಾಕೆಂದವರು

ಮೊದಲ ಪಂಥದ ನಂಬಿಕೆ ಸರಳ: ನೋಡುವವನಿಗೆ ವ್ಯತ್ಯಾಸ ಕಾಣದಿದ್ದರೆ ಗುಟ್ಟು ಕ್ಷೇಮ. ಕರಿಘಟ್ಟದ ಆಕಾಶದಲ್ಲಿ ‘ಕ’ ಕೂರಿಸಿದ ರೀತಿ ಇದೇ ಪಂಥದ್ದು. ಹೀಗೆ ಅಂಕಿಯ ಬೆಸ-ಸಮ ಬದಲಿಸುವುದು, ಅಂದರೆ ಅದರ ಕೊನೆಯ ಬಿಟ್ ಬದಲಿಸುವುದು, ಎಷ್ಟು ಸುಲಭವೆಂದರೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ವರ್ಷವರ್ಷವೂ ಬರುವ ವಿಷಯ. ಗಂಭೀರ ಸಂಶೋಧನೆಯೂ ಇಲ್ಲಿ ನಡೆದಿದೆ. ಬೆಂಗಳೂರಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್‌ನ ಕೆ.ಬಿ. ರಾಜ, ಕೆ.ಆರ್. ವೇಣುಗೋಪಾಲ್ ಮತ್ತು ಎಲ್.ಎಂ. ಪಟ್ನಾಯಕ್ ಅವರಿದ್ದ ತಂಡ ಕೊನೆಯ ಬಿಟ್, ಕೊಸೈನ್ ರೂಪಾಂತರ ಮತ್ತು ಸಂಕುಚನ ಮೂರನ್ನೂ ಕೂಡಿಸುವ ವಿಧಾನವನ್ನು 2005ರಲ್ಲಿ ಬೆಂಗಳೂರಿನ ಸಮ್ಮೇಳನವೊಂದರಲ್ಲಿ ಮಂಡಿಸಿತು. ಕೂಡಿಸುವುದಕ್ಕೆ ಕಾರಣವಿದೆ. ಮೊಬೈಲ್ ಫೋಟೋ ಉಳಿಯುವುದು ಜೆಪೆಗ್ ರೂಪದಲ್ಲಿ. ಅದು ಎಂಟೆಂಟು ಚುಕ್ಕೆಗಳ ಚೌಕಗಳನ್ನು ಅಲೆಗಳ ಲೆಕ್ಕಕ್ಕೆ ಬದಲಿಸಿ ಅಂಕಿಗಳನ್ನು ದುಂಡು ಮಾಡುತ್ತದೆ. ಆಕಾಶದಲ್ಲಿ ಜೋಪಾನವಾಗಿ ಕೂರಿಸಿದ ‘ಕ’ ಒಮ್ಮೆ ಜೆಪೆಗ್ ಆದರೆ ಅಳಿಸಿಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸಿದರೂ ಅದೇ ಗತಿ, ಅದು ಮತ್ತೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಮುಟ್ಟುತ್ತದೆ.

ಈ ಪಂಥದ ಬುನಾದಿ 1999ರಲ್ಲಿ ಕುಸಿಯಿತು. ಡ್ರೆಸ್ಡನ್‌ನ ಆಂಡ್ರಿಯಾಸ್ ವೆಸ್ಟ್‌ಫೆಲ್ಡ್ ಮತ್ತು ಆಂಡ್ರಿಯಾಸ್ ಫಿಟ್ಸ್‌ಮನ್ ಕಣ್ಣನ್ನು ಪಕ್ಕಕ್ಕಿಟ್ಟು ಎಣಿಸಲು ಕೂತರು. ಕೊನೆಯ ಬಿಟ್ ಬದಲಿಸಿದಾಗ 200 ಎಂಬುದು 201 ಆಗುತ್ತದೆ, 201 ಎಂಬುದು 200 ಆಗುತ್ತದೆ; 201 ಎಂದೂ 202 ಆಗುವುದಿಲ್ಲ. ಅಂಕಿಗಳೆಲ್ಲ ಜೋಡಿ ಜೋಡಿಯಾಗಿ ಸ್ಥಾನ ಬದಲಿಸುತ್ತವೆ. ಮಾಮೂಲಿ ಫೋಟೋದಲ್ಲಿ 200 ಬಂದ ಸಲ ಬೇರೆ, 201 ಬಂದ ಸಲ ಬೇರೆ. ಗುಟ್ಟು ತುಂಬಿದ ಮೇಲೆ ಜೋಡಿಯ ಎರಡೂ ಅಂಕಿಗಳ ಎಣಿಕೆ ಸಮಸಮವಾಗಿಬಿಡುತ್ತದೆ. ಸಂದೇಶಕ್ಕೆ ಮೊದಲೇ ಗೂಢಲಿಪಿಯ ಬೀಗ ಹಾಕಿದ್ದರಂತೂ ಅದರಲ್ಲಿ ಸೊನ್ನೆ, ಒಂದು ಸರಿಸಮ ಇರುವುದರಿಂದ ಈ ಸಮಾನತೆ ಇನ್ನೂ ಎದ್ದು ಕಾಣುತ್ತದೆ. ಹೆಚ್ಚು ಜಾಗರೂಕನಾದವನೇ ಬೇಗ ಸಿಕ್ಕಿಬೀಳುತ್ತಾನೆ.

ಇಷ್ಟಾದ ಮೇಲೂ ನಮ್ಮ ಪ್ರಾಜೆಕ್ಟ್ ವರದಿಗಳಲ್ಲಿ ‘ಮೂಲ ಚಿತ್ರಕ್ಕೂ ಹೊಸ ಚಿತ್ರಕ್ಕೂ ಇಷ್ಟು ಡೆಸಿಬಲ್ ವ್ಯತ್ಯಾಸ’ ಎಂಬ ಅಳತೆಯೊಂದನ್ನೇ ಕೊಟ್ಟು ಭದ್ರವೆಂದು ಷರಾ ಬರೆಯುವ ರೂಢಿ ಬಿಟ್ಟಿಲ್ಲ. ಆ ಅಳತೆ ಉತ್ತರಿಸುವುದು ಕಣ್ಣಿನ ಪ್ರಶ್ನೆಗೆ. ಎಣಿಸುವವನ ಪ್ರಶ್ನೆಯನ್ನು ಅದು ಮುಟ್ಟುವುದೂ ಇಲ್ಲ. ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ತಾವು ಅಡಗಿಸಿದ್ದನ್ನು ತಾವೇ ಒಂದು ಪತ್ತೆ ಪ್ರೋಗ್ರಾಮಿಗೆ ಒಡ್ಡಿ ನೋಡಿದರೆ ಆ ಒಂದು ಸಂಜೆಯಲ್ಲಿ ಕಲಿಯುವುದು ಬಹಳ.

ಒರಟು ಜಾಗ ಹುಡುಕಿದವರು

ಎರಡನೆಯ ಪಂಥದವರು ಹೀಗೆಂದರು: ಚಿತ್ರದ ಎಲ್ಲ ಜಾಗವೂ ಒಂದೇ ಅಲ್ಲ. ಕರಿಘಟ್ಟದ ಫೋಟೋದಲ್ಲಿ ಆಕಾಶ ನಯವಾದ ಜಾಗ. ಅಲ್ಲಿ ಒಂದು ಚುಕ್ಕೆ ತಪ್ಪಿದರೂ ಎಣಿಸುವವನಿಗೆ ಗೊತ್ತಾಗುತ್ತದೆ. ಬೆಟ್ಟದ ಬಂಡೆ, ಕುರುಚಲು, ಒಣಹುಲ್ಲು ಇರುವ ಕಡೆ ಪಕ್ಕಪಕ್ಕದ ಚುಕ್ಕೆಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಗುಟ್ಟಿಗೆ ಹೇಳಿಮಾಡಿಸಿದ ಜಾಗ ಅದು.

ವೆಸ್ಟ್‌ಫೆಲ್ಡ್ ತಾನೇ 2001ರಲ್ಲಿ ಎಫ್5 ಎಂಬ ವಿಧಾನ ತಂದ: ಕಡಿಮೆ ಬದಲಾವಣೆಯಲ್ಲಿ ಹೆಚ್ಚು ಬಿಟ್ ಕೂರಿಸುವುದು, ಜೋಡಿ ಅಂಕಿಗಳ ಸುಳಿವು ಬಿಡದಿರುವುದು. ಮರುವರ್ಷವೇ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫ್ರಿಡ್ರಿಕ್ ಅವರ ತಂಡ ಅದನ್ನು ಮುರಿಯಿತು. ರೂಬಿಕ್ಸ್ ಕ್ಯೂಬ್ ತಿರುಗಿಸುವ ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ‘ಫ್ರಿಡ್ರಿಕ್ ವಿಧಾನ’ದ ಹೆಸರೂ ಇದೇ ವ್ಯಕ್ತಿಯದು. ಅವರ ಉಪಾಯ ಚಂದವಾಗಿತ್ತು. ಸಂದೇಹದ ಜೆಪೆಗ್ ಅನ್ನು ಬಿಚ್ಚಿ, ಅಂಚಿನಿಂದ ನಾಲ್ಕು ಚುಕ್ಕೆಯಷ್ಟು ಕತ್ತರಿಸಿ, ಮತ್ತೆ ಜೆಪೆಗ್ ಮಾಡಿದರೆ ಚೌಕಗಳ ಗಡಿ ಸರಿದು, ಗುಟ್ಟು ಸೇರುವ ಮೊದಲು ಆ ಚಿತ್ರ ಹೇಗಿತ್ತೆಂಬುದರ ಅಂದಾಜು ಸಿಗುತ್ತದೆ. ಎರಡನ್ನೂ ತಾಳೆ ನೋಡಿದರೆ ಎಷ್ಟು ಬದಲಾಗಿದೆ ಎಂಬುದು ಹೊರಬೀಳುತ್ತದೆ.

2010ರಲ್ಲಿ ಬಹಿರಂಗ ಪಂದ್ಯವೇ ನಡೆಯಿತು. ಹ್ಯೂಗೋ ಎಂಬ ಹೊಸ ವಿಧಾನದಲ್ಲಿ ಅಡಗಿಸಿದ ಚಿತ್ರಗಳನ್ನೂ ಮಾಮೂಲಿ ಚಿತ್ರಗಳನ್ನೂ ಬೆರೆಸಿಕೊಟ್ಟು, ಯಾವುದರಲ್ಲಿ ಇದೆ ಹೇಳಿ ಎಂದು ಸವಾಲು ಹಾಕಿದರು. ಗೆದ್ದ ಫ್ರಿಡ್ರಿಕ್ ತಂಡ ನೂರಕ್ಕೆ ಸುಮಾರು 80 ಸರಿ ಹೇಳಿತು. ಕಣ್ಣುಮುಚ್ಚಿ ಊಹಿಸಿದರೂ 50 ಸರಿಯಾಗುತ್ತಿತ್ತು ಎಂಬುದನ್ನು ಮರೆಯಬಾರದು. ಆಮೇಲೆ ಕೃತಕ ನರಜಾಲಗಳು ಬಂದವು. ಯಾವ ಲಕ್ಷಣ ಹುಡುಕಬೇಕೆಂದು ಮನುಷ್ಯ ಹೇಳಿಕೊಡುವುದು ನಿಂತು, ಲಕ್ಷಗಟ್ಟಲೆ ಚಿತ್ರ ತೋರಿಸಿದರೆ ಯಂತ್ರವೇ ಕಲಿಯತೊಡಗಿತು. ಅಡಗಿಸುವವರೂ ಸುಮ್ಮನಿರಲಿಲ್ಲ, 2017ರ ಹೊತ್ತಿಗೆ ಒಂದು ಚಿತ್ರದೊಳಗೆ ಇನ್ನೊಂದು ಬಣ್ಣದ ಚಿತ್ರವನ್ನೇ ಅಡಗಿಸಲು ಅದೇ ನರಜಾಲಗಳನ್ನು ಹೂಡಿದರು.

ಆದರೆ ಹುಡುಕುವ ಯಂತ್ರಕ್ಕೆ ಒಂದು ದೊಡ್ಡ ಕೊರತೆಯಿದೆ. ಒಂದು ಕ್ಯಾಮೆರಾದ ಚಿತ್ರಗಳ ಮೇಲೆ ಕಲಿತದ್ದು ಇನ್ನೊಂದು ಕ್ಯಾಮೆರಾದ ಚಿತ್ರದ ಮುಂದೆ ತಡಬಡಿಸುತ್ತದೆ. ಫ್ರಾನ್ಸಿನ ಸಂಶೋಧಕರು ಮುಂದೆ ನಿಂತು ನಡೆಸಿದ ಅಲಾಸ್ಕಾ ಎಂಬ ಸ್ಪರ್ಧೆಗಳಲ್ಲಿ ಬೇರೆ ಬೇರೆ ಕ್ಯಾಮೆರಾ, ಬೇರೆ ಬೇರೆ ಸಂಸ್ಕರಣೆಯ ಚಿತ್ರಗಳನ್ನು ಬೇಕೆಂದೇ ಬೆರೆಸಿದ್ದು ಈ ಕಾರಣಕ್ಕೆ.

ರುಜುವಾತು ಬೇಕೆಂದವರು

ಈ ಹಗ್ಗಜಗ್ಗಾಟದಿಂದ ದೂರ ನಿಂತ ಗಣಿತದವರು ಬೇರೆ ದಾರಿ ಹಿಡಿದಿದ್ದರು. 1998ರಲ್ಲಿ ಕ್ರಿಶ್ಚಿಯನ್ ಕಾಷಾನ್, ಮಾಮೂಲಿ ಚಿತ್ರಗಳ ಹರವಿಗೂ (ಯಾವ ಬಗೆಯದು ಎಷ್ಟು ಸಲ ಬರುತ್ತದೆಂಬ ಲೆಕ್ಕಕ್ಕೂ) ಗುಟ್ಟಿರುವ ಚಿತ್ರಗಳ ಹರವಿಗೂ ಇರುವ ಅಂತರವನ್ನೇ ಭದ್ರತೆಯ ಅಳತೆ ಮಾಡಿದ. ಅಂತರ ಸೊನ್ನೆಯಾದರೆ ಎಂಥ ಕಾವಲುಗಾರನಿಗೂ ಹಿಡಿಯಲು ಆಗುವುದಿಲ್ಲ. ಕಾಗದದ ಮೇಲೆ ಇದು ನಿರ್ದೋಷ. ತೊಡಕಿರುವುದು ಮಾಮೂಲಿ ಚಿತ್ರಗಳ ಹರವು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂಬಲ್ಲಿ. ಕರಿಘಟ್ಟದ ಮೇಲೆ ನಿಂತು ತೆಗೆಯಬಹುದಾದ ಎಲ್ಲ ಫೋಟೋಗಳ ಪಟ್ಟಿ ಎಲ್ಲೂ ಇಲ್ಲ.

ಗೊತ್ತಿಲ್ಲದ ಮೇಲೆ ಎಷ್ಟು ಅಡಗಿಸಬಹುದು? 2008ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರೂ ಕೆರ್ ಮತ್ತು ಸಂಗಡಿಗರು ಉತ್ತರಿಸಿದ್ದು ವರ್ಗಮೂಲದ ನಿಯಮದ ಮೂಲಕ. ಚಿತ್ರ ನಾಲ್ಕು ಪಟ್ಟು ದೊಡ್ಡದಾದರೆ ಕ್ಷೇಮವಾಗಿ ಅಡಗಿಸಬಹುದಾದ ಮಾತು ಎರಡೇ ಪಟ್ಟು ಹೆಚ್ಚುತ್ತದೆ. ನೂರು ಪಟ್ಟು ದೊಡ್ಡದಾದರೆ ಹತ್ತು ಪಟ್ಟು. ಜಾಗ ಬೆಳೆದಷ್ಟೂ ಕಾವಲುಗಾರನಿಗೂ ಎಣಿಸಲು ಹೆಚ್ಚು ಸಿಗುತ್ತದಲ್ಲ. ಈ ಇಡೀ ಸಾಹಿತ್ಯದಲ್ಲಿ ಇಷ್ಟು ಗಟ್ಟಿಯಾದ ಮಾತು ಇನ್ನೊಂದಿಲ್ಲ. ಕರಿಘಟ್ಟದ ಫೋಟೋದಲ್ಲಿ 15 ಲಕ್ಷ ಸಂಕೇತ ಹಿಡಿಯುತ್ತವೆ ಎಂದ ಲೆಕ್ಕ ಬರೀ ಗೋದಾಮಿನ ಅಳತೆ; ಯಾರ ಕಣ್ಣಿಗೂ ಬೀಳದೆ ಸಾಗಿಸಬಹುದಾದದ್ದು ಅದರಲ್ಲಿ ಅತಿ ಚಿಕ್ಕ ಪಾಲು.

ಈಚೆಗೆ ಈ ಪಂಥಕ್ಕೆ ಹೊಸ ಜೀವ ಬಂದಿದೆ. ಯಂತ್ರವೇ ಚಿತ್ರವನ್ನೋ ಬರಹವನ್ನೋ ಹುಟ್ಟಿಸುವಾಗ ಯಾವುದು ಎಷ್ಟು ಸಲ ಬರುತ್ತದೆಂಬ ಹರವು ಯಂತ್ರದೊಳಗೇ ಬರೆದಿರುತ್ತದೆ. ಕ್ಯಾಮೆರಾ ಹೇಳದಿದ್ದ ಗುಟ್ಟನ್ನು ಯಂತ್ರ ಹೇಳುತ್ತದೆ. ಈ ಆಧಾರದ ಮೇಲೆ ಅಂತರ ಸೊನ್ನೆಯಾಗುವಂತೆ ಸಂದೇಶ ಬೆರೆಸಬಹುದೆಂದು 2023ರಲ್ಲಿ ಆಕ್ಸ್‌ಫರ್ಡ್ ಮೊದಲಾದ ಕಡೆಯ ಸಂಶೋಧಕರು ತೋರಿಸಿದರು. ಕಾಷಾನ್‌ನ ಷರತ್ತು ಈಡೇರಿತು, ಆದರೆ ಯಂತ್ರ ಹುಟ್ಟಿಸಿದ್ದನ್ನು ಕಳಿಸುವುದು ಅನುಮಾನ ಹುಟ್ಟಿಸದ ಕಡೆ ಮಾತ್ರ.

ಅಳಿಸಲಾಗದ ಗುರುತು

ಈ ವಿದ್ಯೆಗೊಂದು ದಾಯಾದಿಯಿದೆ. ಕರಿಘಟ್ಟದಿಂದ ಮೈಸೂರಿನ ದಿಕ್ಕಿಗೆ ಹೋದರೆ ನೋಟಿನ ಕಾಗದ ತಯಾರಿಸುವ ಗಿರಣಿ ಸಿಗುತ್ತದೆ, 1996ರಿಂದ ನೋಟು ಮುದ್ರಿಸುತ್ತಿರುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಮುದ್ರಣಾಲಯವೂ ಸಿಗುತ್ತದೆ. 500 ರೂಪಾಯಿ ನೋಟನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಅಡಗಿದ್ದ 500 ಎಂಬ ಅಂಕಿ ಕಾಣುತ್ತದೆ. ಬೆಳಕಿಗೆ ಹಿಡಿದರೆ ಕಾಗದದೊಳಗಿನ ಗಾಂಧಿ ಮುಖ. ಕಾಗದದ ತೆಳು-ದಪ್ಪದಲ್ಲಿ ಗುರುತು ಮೂಡಿಸುವ ಈ ವಾಟರ್‌ಮಾರ್ಕ್ 13ನೆಯ ಶತಮಾನದ ಇಟಲಿಯಿಂದ ಬಂದದ್ದು.

ಡಿಜಿಟಲ್ ವಾಟರ್‌ಮಾರ್ಕ್‌ನವರ ಧ್ಯೇಯವೇ ಬೇರೆ. ಗುರುತಿದೆ ಎಂದು ಎಲ್ಲರಿಗೂ ಗೊತ್ತಿದ್ದರೂ ಅವರಿಗೆ ಚಿಂತೆಯಿಲ್ಲ. ಕತ್ತರಿಸಿದರೂ ಕುಗ್ಗಿಸಿದರೂ ಅದು ಅಳಿಯಬಾರದು. ಅಡಗಿರುವುದು, ಅಳಿಯದಿರುವುದು ಎರಡೂ ಒಟ್ಟಿಗೆ ಇರುವುದೂ ಉಂಟು. ಕೆಲವು ಬಣ್ಣದ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಬೀಳದ ಹಳದಿ ಚುಕ್ಕೆಗಳಲ್ಲಿ ದಿನ, ಗಂಟೆ, ಯಂತ್ರದ ಸಂಖ್ಯೆ ಬರೆಯುತ್ತವೆಂದು 2005ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಬಯಲು ಮಾಡಿತು. ಹಾಳೆ ಮುದ್ರಿಸಿಕೊಂಡವನಿಗೆ ತಾನು ಸಹಿ ಹಾಕುತ್ತಿದ್ದೇನೆಂಬ ಅರಿವೇ ಇರಲಿಲ್ಲ. ಅದು ಅನ್ಯಾಯ, ಗುಟ್ಟು ಹೊರುವವನ ಒಪ್ಪಿಗೆ ಕೇಳುವ ಸೌಜನ್ಯ ಬೇಕಿತ್ತು. 2023ರಲ್ಲಿ ಗೂಗಲ್ ಡೀಪ್‌ಮೈಂಡ್ ತನ್ನ ಯಂತ್ರ ಬಿಡಿಸಿದ ಚಿತ್ರಗಳಿಗೆ ಸಿಂಥ್‌ಐಡಿ ಎಂಬ ಕಾಣದ ಗುರುತು ಹಾಕತೊಡಗಿತು. ಚಿತ್ರಕ್ಕೆ ಗದ್ದಲ (ಅಂಕಿಗಳಲ್ಲಿ ಅಡ್ಡಾದಿಡ್ಡಿ ಏರುಪೇರು) ಬೆರೆಸಿ, ಇನ್ನೊಂದು ಯಂತ್ರದಿಂದ ಮರುಬಿಡಿಸಿದರೆ ಇಂಥ ಗುರುತುಗಳಲ್ಲಿ ಹಲವು ಅಳಿಸಿಹೋಗುತ್ತವೆಂದು ಅದೇ ವರ್ಷ ಬೇರೆ ಸಂಶೋಧಕರು ತೋರಿಸಿದರು.

ಸಿಕ್ಕಿಬಿದ್ದವರು ಸಿಕ್ಕಿಬಿದ್ದ ಬಗೆ

ನಿಜ ಜಗತ್ತಿನ ಪ್ರಕರಣಗಳು ಎಣಿಕೆಗೆ ಸಿಗುವಷ್ಟೇ ಇವೆ, ಪ್ರತಿಯೊಂದೂ ಪಾಠ ಹೇಳುತ್ತದೆ. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ರಷ್ಯನ್ ಗೂಢಚಾರರನ್ನು ಬಂಧಿಸಿದರು. ಅವರಲ್ಲಿ ಕೆಲವರು ಸಾರ್ವಜನಿಕ ಜಾಲತಾಣಗಳ ಚಿತ್ರಗಳಲ್ಲಿ ಸಂದೇಶ ಅಡಗಿಸುತ್ತಿದ್ದರು. ತನಿಖೆಯವರು ಚುಕ್ಕೆ ಎಣಿಸಿ ಹಿಡಿದದ್ದಲ್ಲ: ಮನೆ ಶೋಧದಲ್ಲಿ 27 ಅಕ್ಷರದ ಪಾಸ್‌ವರ್ಡ್ ಬರೆದಿಟ್ಟ ಕಾಗದ ಸಿಕ್ಕಿತ್ತು. 2018ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಒಬ್ಬ ಟರ್ಬೈನ್ ತಂತ್ರಜ್ಞಾನದ ಕಡತಗಳನ್ನು ಸೂರ್ಯಾಸ್ತದ ಚಿತ್ರದೊಳಗೆ ಸೇರಿಸಿ ತನ್ನದೇ ಇಮೇಲ್‌ಗೆ ಕಳಿಸಿಕೊಂಡ. ಅವನ ಕಂಪ್ಯೂಟರಿನ ಮೇಲೆ ಕಂಪನಿ ಆಗಲೇ ಕಣ್ಣಿಟ್ಟಿತ್ತು. 2023ರಲ್ಲಿ ಎರಡು ವರ್ಷದ ಶಿಕ್ಷೆಯಾಯಿತು. 2011ರಲ್ಲಿ ಬರ್ಲಿನ್‌ನಲ್ಲಿ ಸಿಕ್ಕ ಶಂಕಿತನೊಬ್ಬನ ಮೆಮೊರಿ ಕಾರ್ಡಿನ ವಿಡಿಯೋದೊಳಗೆ ನೂರಕ್ಕೂ ಹೆಚ್ಚು ಕಡತಗಳಿದ್ದವು. ಅವನು ಮೊದಲೇ ಪೊಲೀಸರ ಕೈಯಲ್ಲಿದ್ದ.

ಇದರ ಅರ್ಥ ಎರಡು ರೀತಿ ಹೇಳಬಹುದು. ಅಡಗಿಸುವವರು ತೀರ ವಿರಳ ಎನ್ನುವವರಿದ್ದಾರೆ. ಜಾಣರು ಸಿಕ್ಕಿಲ್ಲ ಅಷ್ಟೆ ಎನ್ನುವವರಿದ್ದಾರೆ. ಸಿಗದವರ ಲೆಕ್ಕ ಹಿಡಿಯುವ ಬಗೆ ಯಾರಿಗೂ ಗೊತ್ತಿಲ್ಲದ ಕಾರಣ ಎರಡನೆಯ ಮಾತನ್ನು ಅಲ್ಲಗಳೆಯಲು ಬರುವುದಿಲ್ಲ.

ಇಲ್ಲದ್ದನ್ನು ಕಾಣುವ ಅಪಾಯ

2001ರ ಫೆಬ್ರವರಿಯಲ್ಲಿ ಭಯೋತ್ಪಾದಕರು ಜಾಲತಾಣಗಳ ಚಿತ್ರಗಳಲ್ಲಿ ಆದೇಶ ಅಡಗಿಸುತ್ತಿದ್ದಾರೆಂದು ಯುಎಸ್ಎ ಟುಡೇ ಪತ್ರಿಕೆ ಬರೆದು ದೊಡ್ಡ ಗದ್ದಲವಾಯಿತು. ಮಿಷಿಗನ್ ವಿಶ್ವವಿದ್ಯಾಲಯದ ನೀಲ್ಸ್ ಪ್ರೊವೋಸ್ ಮತ್ತು ಪೀಟರ್ ಹನಿಮನ್ ಇಬೇ ಮಾರಾಟ ತಾಣದಿಂದ 20 ಲಕ್ಷ ಚಿತ್ರ ಇಳಿಸಿಕೊಂಡು ಜಾಲಾಡಿದರು. ನೂರಕ್ಕೆ ಒಂದರ ಆಸುಪಾಸು ಚಿತ್ರಗಳ ಮೇಲೆ ಪ್ರೋಗ್ರಾಮು ಸಂದೇಹ ತೋರಿಸಿತು. ಅವುಗಳ ಮೇಲೆ ಪಾಸ್‌ವರ್ಡುಗಳ ರಾಶಿಯನ್ನೇ ಪ್ರಯೋಗಿಸಿದರು. ಒಂದು ಸಂದೇಶವೂ ಸಿಗಲಿಲ್ಲ.

ಹುಡುಕುವ ಯಂತ್ರ ನೂರಕ್ಕೆ 99 ಸಲ ಸರಿ ಹೇಳುತ್ತದೆ ಎಂದುಕೊಳ್ಳಿ. 10 ಲಕ್ಷ ಚಿತ್ರಗಳಲ್ಲಿ ಹತ್ತರಲ್ಲಿ ಮಾತ್ರ ಗುಟ್ಟಿದ್ದರೆ ಆ ಹತ್ತರ ಜೊತೆ ಸುಮಾರು 10,000 ನಿರಪರಾಧಿ ಚಿತ್ರಗಳ ಮೇಲೂ ಅದು ಬೆರಳು ತೋರಿಸುತ್ತದೆ. ಆ 10,000 ಚಿತ್ರಗಳ ಹಿಂದೆ ಮನುಷ್ಯರಿದ್ದಾರೆ.

ಅಡಗಿದ್ದು ಸಿಕ್ಕಿದೆ ಎಂದು ಹೇಳಲು ಏನು ಸಾಕ್ಷಿ ಬೇಕು ಎಂಬ ಪ್ರಶ್ನೆಗೆ ಕನ್ನಡದಲ್ಲೇ ದೊಡ್ಡ ಉದಾಹರಣೆಯಿದೆ. ಕುಮುದೇಂದು ಮುನಿಯ ಹೆಸರಿನ ಸಿರಿಭೂವಲಯ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳಲ್ಲಿದೆ; ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಚಕ್ರಗಳು. ಅಂಕಿಗೊಂದು ಧ್ವನಿ. ಬಂಧದ ದಾರಿ ಹಿಡಿದು ಓದಿದರೆ ಕನ್ನಡದ ಸಾಂಗತ್ಯ ಬರುತ್ತದೆ, ಅದರಿಂದ ಮತ್ತೆ ಆರಿಸಿದರೆ ಪ್ರಾಕೃತ, ಸಂಸ್ಕೃತಗಳೂ, ಒಟ್ಟು 718 ಭಾಷೆಗಳೂ ಇವೆ ಎಂಬುದು ಪ್ರತಿಪಾದನೆ. ಯಲ್ಲಪ್ಪ ಶಾಸ್ತ್ರಿಗಳು ಕಾಪಾಡಿದ ಈ ಕೃತಿಯ ಭಾಗ ಕರ್ಲಮಂಗಲಂ ಶ್ರೀಕಂಠಯ್ಯ ಮೊದಲಾದವರ ದುಡಿಮೆಯಿಂದ 1953ರಲ್ಲಿ ಅಚ್ಚಾಯಿತು. ಒಂಬತ್ತನೆಯ ಶತಮಾನದ್ದು ಎಂದವರಿದ್ದಾರೆ. ಭಾಷೆ ಮತ್ತು ಸಾಂಗತ್ಯದ ಛಂದಸ್ಸನ್ನು ನೋಡಿ ಬಹಳ ಈಚಿನದೆಂದ ವಿದ್ವಾಂಸರೂ ಇದ್ದಾರೆ.

ಜರ್ಮನ್ ಮಠಾಧಿಪತಿ ಟ್ರಿಥೇಮಿಯಸ್‌ನ ಪುಸ್ತಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1499ರ ಸುಮಾರಿಗೆ ಬರೆದ, ಈ ವಿದ್ಯೆಗೆ ಹೆಸರನ್ನೇ ಕೊಟ್ಟ ‘ಸ್ಟೆಗನೋಗ್ರಾಫಿಯಾ’ದ ಮೂರನೆಯ ಭಾಗ ಬರೀ ಮಾಟಮಂತ್ರವೆಂದು ಶತಮಾನಗಟ್ಟಲೆ ಬಹಳ ಜನ ನಂಬಿದ್ದರು. 1990ರ ದಶಕದಲ್ಲಿ ಥಾಮಸ್ ಅರ್ನ್ಸ್ಟ್ ಮತ್ತು ಜಿಮ್ ರೀಡ್ಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಅಂಕಿಗಳಲ್ಲಿ ಅಡಗಿದ್ದ ಒಂದೇ ಬೀಗವನ್ನು ತೆರೆದರು. ಇಬ್ಬರೂ ಓದಿದ್ದು ಒಂದೇ. ಸಿರಿಭೂವಲಯಕ್ಕೂ ಇಂಥ ಪರೀಕ್ಷೆ ಸಲ್ಲಬೇಕು. ಎಲ್ಲ ಚಕ್ರಗಳ ಅಂಕಿಗಳನ್ನೂ ಓದುವ ನಿಯಮಗಳನ್ನೂ ಬಹಿರಂಗವಾಗಿಟ್ಟು, ಸಂಬಂಧವಿಲ್ಲದ ಎರಡು ತಂಡಗಳಿಗೆ ಕೊಟ್ಟು, ಒಂದೇ ಪಠ್ಯ ಬರುತ್ತದೆಯೇ ನೋಡಬೇಕು. ಓದುವ ದಾರಿಯನ್ನು ಓದುವವನೇ ಮನಸ್ಸಿಗೆ ಬಂದಂತೆ ಆರಿಸಿಕೊಳ್ಳುವಂತಿದ್ದರೆ, ಸಾಕಷ್ಟು ದೊಡ್ಡ ಅಂಕಿರಾಶಿಯಲ್ಲಿ ಹುಡುಕಿದ್ದು ಸಿಕ್ಕೇ ಸಿಗುತ್ತದೆ. ಕೃತಿಯ ಮೇಲಿನ ಗೌರವದಿಂದಲೇ ಈ ಮಾತು ಹೇಳಬೇಕಾಗಿದೆ.

ಇನ್ನೂ ಇತ್ಯರ್ಥವಾಗದ್ದು

ಕಾನೂನಿನಲ್ಲಿ ದೊಡ್ಡ ತೆರವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ಕಲಮಿನಂತೆ, ಬೀಗ ಹಾಕಿದ ಮಾಹಿತಿಯನ್ನು ಬಿಡಿಸಿಕೊಡಲು ಸರ್ಕಾರ ಆದೇಶಿಸಬಹುದು; ನಿರಾಕರಿಸಿದರೆ ಏಳು ವರ್ಷದವರೆಗೆ ಸೆರೆ. ಆದರೆ ಈ ಫೋಟೋದಲ್ಲಿ ಏನೂ ಇಲ್ಲ ಎಂದು ಆರೋಪಿ ಹೇಳಿದರೆ? ಇದೆ ಎಂದು ತೋರಿಸಲು ಅಂಕಿಸಂಖ್ಯೆಯ ಸಂದೇಹ ಸಾಕೇ, ಸಂದೇಶವನ್ನೇ ತೆಗೆದಿಡಬೇಕೇ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ (ಕಡತದಿಂದ ಲೆಕ್ಕಹಾಕಿ ತೆಗೆದ ಗುರುತು) ಬರೆಯಬೇಕು. ಆ ಹ್ಯಾಶ್ ಹೇಳುವುದು ಅಂದಿನಿಂದ ಕಡತ ಬದಲಾಗಿಲ್ಲ ಎಂಬುದನ್ನಷ್ಟೆ, ಒಳಗೆ ಏನಿತ್ತೆಂದಲ್ಲ.

ಯಂತ್ರ ಹುಟ್ಟಿಸಿದ ಚಿತ್ರಗಳಿಗೆ ಹಾಕುವ ಗುರುತು ಅಳಿಸುವವನ ಮುಂದೆ ಎಷ್ಟು ದಿನ ನಿಲ್ಲುತ್ತದೆ ಎಂಬುದರ ಮೇಲೆ ವಾದ ಮುಗಿದಿಲ್ಲ. ಒಂದು ಕ್ಯಾಮೆರಾದಲ್ಲಿ ಕಲಿತ ಪತ್ತೆದಾರ ಯಂತ್ರ ಹಳ್ಳಿಹಳ್ಳಿಯ ನೂರಾರು ಮಾದರಿ ಫೋನುಗಳ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೂ ಒಪ್ಪಿಗೆಯ ಉತ್ತರ ಬಂದಿಲ್ಲ.

ಎಲ್ಲಕ್ಕಿಂತ ಆಳದ ಪ್ರಶ್ನೆ ಬೆಟ್ಟದ ಮೇಲಿನ ಆ ಫೋಟೋದ್ದೇ. ಇದುವರೆಗಿನ ಶಾಸ್ತ್ರವೆಲ್ಲ ಕ್ಯಾಮೆರಾದ ಸಂವೇದಕಕ್ಕೆ ಸಹಜವಾದ ಸಣ್ಣ ಗದ್ದಲವಿರುತ್ತದೆ, ಗುಟ್ಟು ಅದರ ವೇಷ ಹಾಕಬೇಕು ಎಂಬ ಎಣಿಕೆಯ ಮೇಲೆ ನಿಂತಿದೆ. ಇಂದಿನ ಮೊಬೈಲ್ ಗುಂಡಿ ಒತ್ತಿದಾಗ ಹಲವು ಫೋಟೋ ತೆಗೆದು ಬೆಸೆಯುತ್ತದೆ, ಆಕಾಶವನ್ನು ಬೇರೆಯಾಗಿ ಗುರುತಿಸಿ ನಯ ಮಾಡುತ್ತದೆ, ಬಂಡೆಯ ಗೆರೆಗಳನ್ನು ತೀಡುತ್ತದೆ, ಗದ್ದಲವನ್ನು ಒರೆಸಿಹಾಕುತ್ತದೆ. ಒಂದೇ ಹೊತ್ತಿನಲ್ಲಿ ಪಕ್ಕಪಕ್ಕ ನಿಂತು ಎರಡು ಫೋನುಗಳಲ್ಲಿ ತೆಗೆದ ಕರಿಘಟ್ಟದ ಆಕಾಶಗಳು ಎರಡು ಬಗೆಯ ಅಂಕಿಗಳಾಗಿ ಉಳಿಯುತ್ತವೆ. ಇವೆರಡರಲ್ಲಿ ಯಾವುದನ್ನು ಮಾಮೂಲಿ ಎಂದುಕೊಂಡು ಎಂಟು ಚುಕ್ಕೆಯ ಆ ‘ಕ’ವನ್ನು ಅಳೆಯಬೇಕೆಂಬುದನ್ನು ಅಡಗಿಸುವವರೂ ಹುಡುಕುವವರೂ ಇನ್ನು ತೀರ್ಮಾನಿಸಬೇಕಾಗಿದೆ.